ಕರೆಂಟ್ ಹೋದರೆ ಮುನಿಸಿಕೊಳ್ಳುವ ಲ್ಯಾಪ್‌ಟಾಪ್: ಒಂದು ಮಳೆಗಾಲ ಕಳೆದ ಮೇಲೆ

ಪರದೆ ಎಷ್ಟು ಇಂಚು, ಪ್ರೊಸೆಸರ್ ಯಾವುದು ಎಂಬುದನ್ನೆಲ್ಲ ಕೊಳ್ಳುವವರು ಆಗಲೇ ಓದಿಕೊಂಡಿರುತ್ತಾರೆ. ಆರ್‌ಟಿಎಕ್ಸ್ 4050 ಗ್ರಾಫಿಕ್ಸ್ ಇರುವ, ಎಂಬತ್ತು ಸಾವಿರದ ಆಸುಪಾಸಿನ ಗೇಮಿಂಗ್ ಲ್ಯಾಪ್‌ಟಾಪ್ ಎಂದರೆ ಸಾಕು. ಕಂಪನಿಯ ಹೆಸರು ಬೇಡ. 2024ರಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದಾಗ, ತೋಟದ ಲೆಕ್ಕ ಬರೆಯುವ ನೆಪ ಹೇಳಿ ಮೈಸೂರಿನಿಂದ ತಂದದ್ದು. ನಮ್ಮ ಮನೆ ಇರುವುದು ಕೊಡಗಿನ ನಾಪೋಕ್ಲು ಕಡೆ. ಲೆಕ್ಕ ಸಂಜೆಗೇ ಮುಗಿಯುತ್ತದೆ, ಊಟದ ನಂತರ ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಲಾರಿ ಆಟ ಅಥವಾ ಫೋರ್ಜಾ ಹೊರೈಜನ್ 5 ಎಂಬ ಕಾರಿನ ಆಟ. ಇಡೀ ದಿನ ಹೊಂಡ ಬಿದ್ದ ರಸ್ತೆಯಲ್ಲಿ ಪಿಕಪ್ ಓಡಿಸಿ ಬಂದವನು ರಾತ್ರಿ ಮತ್ತೆ ಲಾರಿ ಓಡಿಸುತ್ತಾನೆಂದು ಅಣ್ಣ ನಗುತ್ತಾನೆ. ನಗಲಿ, ಜರ್ಮನಿಯ ರಸ್ತೆಯಲ್ಲಿ ಹೊಂಡಗಳಿಲ್ಲ.

ಮೊದಲ ವಾರದ ತೊಂದರೆಗಳು ಸಣ್ಣವು. ವಿಂಡೋಸ್ ಆಟವನ್ನು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ಓಡಿಸುತ್ತಿತ್ತು. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಗ್ರಾಫಿಕ್ಸ್ ತೆರೆದು, ಆ ಆಟಕ್ಕೆ ‘ಹೈ ಪರ್ಫಾರ್ಮೆನ್ಸ್’ ಆರಿಸಿದ ಮೇಲೆ ಸರಿಯಾಯಿತು. ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲ (144 ಹರ್ಟ್ಸ್) ಪರದೆ 60ರಲ್ಲೇ ಕುಳಿತಿತ್ತು, ಅದನ್ನೂ ಬದಲಿಸಿದೆ. ಒಳಗೆ ಎಂಟು ಜಿಬಿಯ ಒಂದೇ ರ‍್ಯಾಮ್ ಇತ್ತು. ಒಂದೇ ಇದ್ದರೆ ಪ್ರೊಸೆಸರ್‌ಗೆ ಮಾಹಿತಿ ಬರುವ ದಾರಿ ಅರ್ಧವಾಗುತ್ತದೆ, ಆಟ ಆಗಾಗ ತಡವರಿಸುತ್ತದೆ. ಎಂಬತ್ತು ಸಾವಿರ ತೆಗೆದುಕೊಂಡು ಎರಡನೆಯ ಜಾಗವನ್ನು ಖಾಲಿ ಬಿಡುವ ಜಿಪುಣತನ ನನಗೆ ಅರ್ಥವಾಗುವುದಿಲ್ಲ. ಅದೇ ಅಳತೆಯ ಇನ್ನೊಂದನ್ನು ತರಿಸಿ ಹಾಕಿಕೊಂಡೆ. ಮೇ ತಿಂಗಳವರೆಗೆ ಆಟ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಾಟ ಶುರುವಾಯಿತು. ಚೆನ್ನಾಗಿ ಓಡುತ್ತಿದ್ದ ಆಟ ಇದ್ದಕ್ಕಿದ್ದಂತೆ ಎಳೆದಾಡತೊಡಗುತ್ತಿತ್ತು. ಸೆಕೆಂಡಿಗೆ ತೊಂಬತ್ತು ಫ್ರೇಮ್, ಅಂದರೆ ತೊಂಬತ್ತು ಚಿತ್ರ, ಇದ್ದದ್ದು ಮೂವತ್ತು, ಮತ್ತೆ ಸ್ವಲ್ಪ ಹೊತ್ತಿಗೆ ಐವತ್ತು. ಅಲ್ಲಿಂದ ಮೇಲೇರುವುದೇ ಇಲ್ಲ. 2012ರಲ್ಲಿ ಬಂದ ಲಾರಿ ಆಟವೂ ಹೀಗೆ ಏದುಸಿರು ಬಿಟ್ಟರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಸಹಾಯವಾಣಿಗೆ ಕರೆ ಮಾಡಿದಾಗಲೆಲ್ಲ ಒಂದೇ ಮಂತ್ರ: “ಸರ್, ಡ್ರೈವರ್ ಅಪ್‌ಡೇಟ್ ಮಾಡಿ. ಸರ್, ವಿಂಡೋಸ್ ಮತ್ತೆ ಹಾಕಿ.” ಹಾಕಿದೆ, ಫಲ ಸೊನ್ನೆ. ತಿಳಿದವರು ಎನ್ನಿಸಿಕೊಂಡವರು ಕೂಲಿಂಗ್ ಪ್ಯಾಡ್ ಕೊಳ್ಳಿ ಎಂದರು. ಜುಲೈ ತಿಂಗಳಲ್ಲಿ, ಕಿಟಕಿ ತೆರೆದರೆ ಮೋಡವೇ ಒಳಗೆ ಬರುವ ಊರಿನಲ್ಲಿ! ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿದರೆ ಆಟ ಚುರುಕಾಗುತ್ತದೆ ಎಂದು ಒಬ್ಬರು ಹೇಳಿದರು. ಆ ಮಾತಿನಲ್ಲಿ ಹುರುಳಿದೆ, ಆದರೆ ಅದು ವಿಂಡೋಸ್‌ನ ಒಂದು ರಕ್ಷಣೆ. ಬ್ಯಾಂಕಿನ ವ್ಯವಹಾರ ನಡೆಯುವ ಯಂತ್ರದಲ್ಲಿ ನಾನು ಅದಕ್ಕೆ ಕೈ ಹಾಕಲಿಲ್ಲ. ವೋಲ್ಟೇಜ್ ಕಡಿಮೆಯಿರಬಹುದು, ಸ್ಟೆಬಿಲೈಸರ್ ಹಾಕಿ ಎಂದವರೂ ಉಂಟು. ಚಾರ್ಜರಿನ ಬೆನ್ನ ಮೇಲೆ 100–240 ವೋಲ್ಟ್ ಎಂದು ಅಚ್ಚಾಗಿರುತ್ತದೆ, ಸಂಜೆಯ ಮಂಕು ಕರೆಂಟಿಗೆಲ್ಲ ಅದು ಜಗ್ಗುವುದಿಲ್ಲ.

ಕೊನೆಗೆ ಮೈಸೂರಿನ ಸರ್ವೀಸ್ ಸೆಂಟರಿಗೆ ಹೊತ್ತುಕೊಂಡು ಹೋದೆ. ಅವರು ಅದೇ ಆಟ ಹಾಕಿ ಗಂಟೆಗಟ್ಟಲೆ ಓಡಿಸಿದರು. ಒಂದು ಫ್ರೇಮ್ ಕೂಡ ಕದಲಲಿಲ್ಲ. “ಏನೂ ತೊಂದರೆ ಇಲ್ಲ ಸರ್” ಎಂದು ಅನುಮಾನದಿಂದ ನನ್ನ ಮುಖ ನೋಡಿದರು. ಮನೆಗೆ ತಂದ ರಾತ್ರಿಯೇ ಮತ್ತೆ ಅದೇ ಕಥೆ.

ಆಮೇಲೆ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಹಾಕಿ, ಆಟದ ಮೂಲೆಯಲ್ಲಿ ಅಂಕಿಗಳು ಕಾಣುವ ಹಾಗೆ ಮಾಡಿದೆ. ಇಲ್ಲಿ ಬಹಳ ಮಂದಿ ಶಾಖವನ್ನೂ ಬಳಕೆಯ ಶೇಕಡಾವಾರನ್ನೂ ಮಾತ್ರ ನೋಡುತ್ತಾರೆ. ಅದು ಸಾಲದು. ಗ್ರಾಫಿಕ್ಸ್ ಚಿಪ್ಪಿಗೆ ಅರೆಹೊಟ್ಟೆ ವಿದ್ಯುತ್ ಕೊಟ್ಟರೂ ಬಳಕೆ 99 ಎಂದೇ ತೋರಿಸುತ್ತದೆ, ಏಕೆಂದರೆ ಇದ್ದಷ್ಟು ಶಕ್ತಿಯಲ್ಲಿ ಅದು ಪೂರ್ತಿ ದುಡಿಯುತ್ತಿರುತ್ತದೆ. ನೋಡಬೇಕಾದದ್ದು ವ್ಯಾಟ್. ಲ್ಯಾಪ್‌ಟಾಪಿನ 4050ಕ್ಕೆ ಆ ಚಿಪ್ಪಿನ ಕಂಪನಿ ಎನ್‌ವಿಡಿಯಾ 35ರಿಂದ 115 ವ್ಯಾಟ್‌ವರೆಗೆ ಅವಕಾಶ ಕೊಟ್ಟಿದೆ. ಚಿಪ್ ಒಂದೇ, ಹೆಸರೂ ಒಂದೇ, ಆದರೆ ಎಷ್ಟು ಉಣಿಸುತ್ತಾರೆ ಎಂಬುದರ ಮೇಲೆ ಯೋಗ್ಯತೆ ಬೇರೆ. ನನ್ನದು ಚೆನ್ನಾಗಿ ಓಡುವಾಗ ತೊಂಬತ್ತರ ಹತ್ತಿರ ಇರುತ್ತಿತ್ತು.

ಒಂದು ರಾತ್ರಿ ಅತ್ತಿಗೆ ಮರುದಿನದ ದೋಸೆಗೆ ಮಿಕ್ಸಿ ಹಾಕಿದ್ದರು. ಮಿಕ್ಸಿ ನಿಂತಿತು. ಅದೇ ಕ್ಷಣ ನನ್ನ ಪರದೆಯ ಮೂಲೆಯಲ್ಲಿ ವ್ಯಾಟ್ ಜಾರಿತು, ಫ್ರೇಮ್ ಮೂವತ್ತಕ್ಕೆ ಇಳಿಯಿತು. ತಲೆಯ ಮೇಲಿನ ದೀಪ ಮಾತ್ರ ಮಿಣುಕದೆ ಉರಿಯುತ್ತಲೇ ಇತ್ತು, ವೈಫೈ ಕೂಡ. ಮನೆಯ ದೀಪ, ಫ್ಯಾನ್, ರೂಟರ್ ಎಲ್ಲ ಇನ್ವರ್ಟರ್ ಲೈನಿನಲ್ಲಿವೆ. ಮಿಕ್ಸಿಯ ಪ್ಲಗ್ಗೂ ನನ್ನ ಮೇಜಿನ ಪ್ಲಗ್ಗೂ ಇಲ್ಲ. ಮಳೆಗಾಲದ ನಾಪೋಕ್ಲಿನಲ್ಲಿ ಕೊಂಬೆ ತಂತಿಗೆ ತಾಗಿ ಕರೆಂಟ್ ಹೋಗುವುದು, ಬರುವುದು ಲೆಕ್ಕಕ್ಕೇ ಇಲ್ಲ. ಕತ್ತಲಾದರೆ ತಾನೇ ಗೊತ್ತಾಗುವುದು? ಬೆಳಕಿನಲ್ಲೇ ಕೂತವನಿಗೆ ಲ್ಯಾಪ್‌ಟಾಪ್ ಬ್ಯಾಟರಿಗೆ ಹೊರಳಿದ್ದು ತಿಳಿಯುವುದಾದರೂ ಹೇಗೆ!

ಮೂವತ್ತು ಎಂಬ ಅಂಕಿಗೂ ಅರ್ಥವಿತ್ತು. ಬ್ಯಾಟರಿ ಉಳಿಸಲು ಎನ್‌ವಿಡಿಯಾದವರು ‘ಬ್ಯಾಟರಿ ಬೂಸ್ಟ್’ ಎಂಬ ವ್ಯವಸ್ಥೆ ಇಟ್ಟಿದ್ದಾರೆ. ನನ್ನದರಲ್ಲಿ ಅದು ಆಟವನ್ನು ಮೂವತ್ತು ಫ್ರೇಮಿಗೆ ಕಟ್ಟಿಹಾಕುತ್ತಿತ್ತು. ಅದರಲ್ಲಿ ತಪ್ಪಿಲ್ಲ, ಬ್ಯಾಟರಿಯಿಂದ ಅಷ್ಟು ವಿದ್ಯುತ್ ಎಳೆಯುವುದು ಹೇಗಿದ್ದರೂ ಆಗದ ಮಾತು. ನನ್ನ ತಕರಾರು ಲ್ಯಾಪ್‌ಟಾಪ್ ಕಂಪನಿಯ ಸ್ವಂತ ತಂತ್ರಾಂಶದ ಮೇಲೆ. ಕರೆಂಟ್ ಹೋದೊಡನೆ ಅದು ಯಂತ್ರವನ್ನು ‘ಸೈಲೆಂಟ್’ ಸ್ಥಿತಿಗೆ ತಳ್ಳುತ್ತದೆ. ಕರೆಂಟ್ ಬಂದಾಗ ಹಿಂದಿನ ಸ್ಥಿತಿಗೆ ಮರಳಿಸುವುದಿಲ್ಲ. ಚಾರ್ಜರ್ ಚುಚ್ಚಿದೆ, ದೀಪ ಉರಿಯುತ್ತಿದೆ, ಬ್ಯಾಟರಿ ತುಂಬುತ್ತಿದೆ, ಗ್ರಾಫಿಕ್ಸ್ ಮಾತ್ರ ನಲವತ್ತೈದು ವ್ಯಾಟಿನಲ್ಲಿ ಉಪವಾಸ. ಐವತ್ತು ಫ್ರೇಮಿನ ಗುಟ್ಟು ಇದು. ದಿನವಿಡೀ ಕರೆಂಟ್ ಇರುವ ಊರಿನಲ್ಲಿ ಕುಳಿತು ಬರೆದ ತಂತ್ರಾಂಶ ಎಂದು ಕಾಣುತ್ತದೆ. ಮೈಸೂರಿನಲ್ಲಿ ಕಾಯಿಲೆ ಕಾಣದೇ ಹೋದದ್ದೂ ಇದೇ ಕಾರಣಕ್ಕೆ: ಆ ಹೊತ್ತು ಅಲ್ಲಿ ಕರೆಂಟ್ ಹೋಗಲಿಲ್ಲ.

ಖಚಿತ ಮಾಡಿಕೊಳ್ಳಲು ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದೆ. ಅಲ್ಲಿ ಸಿಸ್ಟಮ್ ದಾಖಲೆಯಲ್ಲಿ ಕರ್ನಲ್-ಪವರ್ ಹೆಸರಿನ, 105 ಸಂಖ್ಯೆಯ ಸಾಲುಗಳಿರುತ್ತವೆ. ಚಾರ್ಜರಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಚಾರ್ಜರಿಗೆ ಹೊರಳಿದ ಪ್ರತಿ ಸಲದ ಗಂಟೆ, ನಿಮಿಷ ಅದರಲ್ಲಿ ದಾಖಲು. ನಮ್ಮ ಊರಿನ ಕರೆಂಟಿನ ಇಡೀ ಜಾತಕ! ಲೈನ್‌ಮನ್ ಬಂದಾಗ ತೋರಿಸಿದೆ. “ನಮ್ಮ ಪುಸ್ತಕದಲ್ಲೂ ಇಷ್ಟು ಸರಿಯಾಗಿ ಬರೆದಿಲ್ಲ ಮಾರಾಯರೇ” ಎಂದು ನಕ್ಕು, ಮಳೆಯಂಗಿ ಕೊಡವಿ, ಮುಂದಿನ ಕಂಬಕ್ಕೆ ಹೊರಟರು. ಅವರ ಮೇಲೆ ನನಗೆ ದೂರಿಲ್ಲ, ಆ ಮಳೆಯಲ್ಲಿ ಕಂಬ ಹತ್ತುವವರ ಮೇಲೆ ಯಾರಿಗೂ ಇರಬಾರದು.

ಈಗ ಮೇಜಿನ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಿಸಿದ್ದೇನೆ. ಆಟವಾಡುವಾಗ ಇದು ಒಟ್ಟು 150 ವ್ಯಾಟ್ ಮೀರಿ ಎಳೆಯುತ್ತದೆ, ಮನೆಯ ದೀಪಗಳೆಲ್ಲ ಸೇರಿದರೂ ಅಷ್ಟಾಗುವುದಿಲ್ಲ. ಹಾಗಾಗಿ ಅವ್ವನ ಕರಾರು: ಕರೆಂಟ್ ಹೋಗಿ ಕಾಲು ಗಂಟೆಯಾದರೆ ಆಟ ಬಂದ್. ಇನ್ವರ್ಟರಿನ ಹಿಂಬದಿಯ ಗುಂಡಿಯನ್ನು ಯುಪಿಎಸ್ ಕಡೆಗೆ ತಿರುಗಿಸಿಟ್ಟ ಮೇಲೆ, ಲೈನ್ ಬದಲಾಗುವ ಅರೆಗಳಿಗೆಯೂ ಲ್ಯಾಪ್‌ಟಾಪಿಗೆ ಗೊತ್ತಾಗುತ್ತಿಲ್ಲ. ಹಾಗೂ ತಪ್ಪಿದರೆ ಕೀಲಿಮಣೆಯ ಎಫ್‌ಎನ್ ಗುಂಡಿಯ ಜೊತೆ ಇನ್ನೊಂದು ಗುಂಡಿ ಒತ್ತಿ ಸ್ಥಿತಿ ಬದಲಿಸುತ್ತೇನೆ. ಫ್ಯಾನಿನ ಸ್ವರ ಏರಿದರೆ ಸರಿಹೋಯಿತೆಂದು ಅರ್ಥ.

ಸಿಟ್ಟು ಇಳಿದ ಮೇಲೆ ಯಂತ್ರದ ಒಳ್ಳೆಯ ಗುಣಗಳೂ ಕಣ್ಣಿಗೆ ಬಿದ್ದವು. ಹಿಂಬದಿಯನ್ನು ಹಳೆಯ ಊಟದ ಮಣೆಯ ಅಂಚಿಗೆ ಒರಗಿಸಿ, ಬಲಗಡೆ ಗಾಳಿ ಹೊರಬರುವ ಕಿಂಡಿಯ ಮುಂದೆ ಬೆಲ್ಲದ ಕಾಫಿಯ ಲೋಟ ಇಡುತ್ತೇನೆ. ಆಟದಲ್ಲಿ ಒಂದು ಸರಕು ಇಳಿಸಿ ಬರುವವರೆಗೂ ಕಾಫಿ ಆರುವುದಿಲ್ಲ. ಕಕ್ಕಡದ, ಅಂದರೆ ನಮ್ಮ ಕಡೆಯ ಜುಲೈ–ಆಗಸ್ಟ್ ಮಳೆ ತಿಂಗಳ ಚಳಿಯಲ್ಲಿ ಮೌಸ್ ಹಿಡಿದು ಮರಗಟ್ಟಿದ ಬೆರಳುಗಳಿಗೂ ಅಲ್ಲೇ ಶಾಖ. ಪ್ರೊಸೆಸರ್ ಎಂಬತ್ತು ಡಿಗ್ರಿ ದಾಟುವುದು ಅಪರೂಪ. ಮಂಗಳೂರಿನಲ್ಲಿ ಓದುವ ಅಕ್ಕನ ಮಗನ ಬಳಿ ಇದೇ ಮಾದರಿಯಿದೆ, ಅವನದು ತೊಂಬತ್ತೈದಕ್ಕೆ ಮುಟ್ಟಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗಸ್ಟ್ ಹೊತ್ತಿಗೆ ನನ್ನ ಬೆಲ್ಟು, ಚೀಲ, ಕ್ಯಾಮೆರಾದ ಲೆನ್ಸು ಎಲ್ಲಕ್ಕೂ ಬೂಷ್ಟು ಹಿಡಿದಿತ್ತು. ದಿನವೂ ಬಿಸಿಯಾಗುವ ಇದಕ್ಕೆ ಮಾತ್ರ ಚುಕ್ಕೆಯೂ ಇಲ್ಲ. ಕೀಲಿಮಣೆಯ ಬಗ್ಗೆಯೂ ದೂರಿಲ್ಲ.

ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ. ತಂತ್ರಾಂಶ ಸರಿಯಿದ್ದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಸಹಾಯವಾಣಿಗೆ ಎಲ್ಲವನ್ನೂ ವಿವರಿಸಿ ಬರೆದದ್ದಕ್ಕೆ ಬಂದ ಉತ್ತರ, ಅದರ ವಿನ್ಯಾಸವೇ ಹಾಗೆ ಎಂದು. ಕೊಡಗಿನಲ್ಲಿ, ಅಥವಾ ಮಲೆನಾಡಿನ ಯಾವುದೇ ಮೂಲೆಯಲ್ಲಿ ಇರುವವರು ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುವುದಾದರೆ ಅಂಗಡಿಯಲ್ಲೇ ಆಟವೊಂದನ್ನು ಹಾಕಿಸಿ, ಓಡುತ್ತಿರುವಾಗ ಚಾರ್ಜರ್ ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ. ಫ್ರೇಮ್ ತಾನಾಗಿ ಮೇಲೇರದಿದ್ದರೆ ಬೇರೆಯದನ್ನು ತೋರಿಸಲು ಹೇಳಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.