ನಾಯಿ, ಬೆಕ್ಕು ಇರುವ ಮನೆಗೆ ರೋಬೋಟ್ ವ್ಯಾಕ್ಯೂಮ್: ಎರಡು ವರ್ಷ ಬಳಸಿದ ಮೇಲೆ

ಮನೆಯಲ್ಲಿ ನಾಯಿಯೋ ಬೆಕ್ಕೋ ಇದ್ದು, ರೋಬೋಟ್ ವ್ಯಾಕ್ಯೂಮ್ ಕೊಳ್ಳೋಣ ಅಂತಿರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ಪ್ಯಾಸ್ಕಲ್ (ಕಸ ಎಳೆಯುವ ಬಲದ ಅಳತೆ) ಲೆಕ್ಕಕ್ಕೆ ಮರುಳಾಗಬೇಡಿ. ಮಷೀನು ಎಷ್ಟು ಜೋರಾಗಿ ಎಳೆಯುತ್ತದೆ ಅನ್ನುವುದು ಆಮೇಲಿನ ಮಾತು. ಎಳೆದ ಕೂದಲು ಒಳಗೆ ಎಲ್ಲೆಲ್ಲಿ ಸುತ್ತಿಕೊಳ್ಳುತ್ತದೆ, ಅದನ್ನು ಬಿಡಿಸೋಕೆ ಎಷ್ಟು ಒದ್ದಾಡಬೇಕು ಅನ್ನುವುದನ್ನು ಮೊದಲು ನೋಡಿ. ಎರಡು ವರ್ಷದಿಂದ ಹೆಚ್ಚುಕಡಿಮೆ ದಿನಾ ಓಡಿಸುತ್ತಿದ್ದೇನೆ. ಬರಬರುತ್ತಾ ಈ ಅಭಿಪ್ರಾಯ ಗಟ್ಟಿಯಾಗುತ್ತಲೇ ಹೋಗಿದೆ.

ನಮ್ಮದು ಮೈಸೂರಿನಲ್ಲಿ ಎರಡು ಬೆಡ್‌ರೂಮಿನ ಮನೆ. ನೆಲ ಪೂರ್ತಿ ವಿಟ್ರಿಫೈಡ್ ಟೈಲ್ಸ್, ಹಾಲ್‌ನಲ್ಲಿ ಮಾತ್ರ ಒಂದು ಜಮಖಾನ. ಜಿಮ್ಮಿ ಅಂತ ಒಂದು ಲ್ಯಾಬ್ರಡಾರ್, ಪುಟ್ಟಿ ಅಂತ ಒಂದು ನಾಟಿ ಬೆಕ್ಕು. ಅಮ್ಮನಿಗೆ ಮಂಡಿ ನೋವು, ಬಗ್ಗಿ ಗುಡಿಸೋಕೆ ಆಗಲ್ಲ. ಕೆಲಸಕ್ಕೆ ಬರುವ ಅಕ್ಕ ಬೆಳಗ್ಗೆ ಗುಡಿಸಿ ಒರೆಸಿ ಹೋದರೆ, ಮಧ್ಯಾಹ್ನದ ಹೊತ್ತಿಗೆ ಸೋಫಾ ಕೆಳಗೆ ಮತ್ತೆ ಕೂದಲಿನ ಉಂಡೆ. ಅದಕ್ಕೇ ತಂದಿದ್ದು. ಮನೆಯ ನಕ್ಷೆ ಹಾಕಿಕೊಳ್ಳೋಕೆ ಮೇಲೆ ಲೇಸರ್ ಗೋಪುರ ಇರುವ, ಹಿಂದೆ ಒರೆಸುವ ಬಟ್ಟೆ ಸಿಕ್ಕಿಸಬಹುದಾದ, ಮಧ್ಯಮ ಬೆಲೆಯ ಮಷೀನು. ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ಮಾರುಕಟ್ಟೆಯಲ್ಲಿ ಮಾಡೆಲ್‌ಗಳು ಬೇಗ ಬೇಗ ಬದಲಾಗುತ್ತವೆ. ಏನೇನು ನೋಡಬೇಕು ಅಂತ ಗೊತ್ತಿದ್ದರೆ ಯಾವ ಕಂಪನಿಯದಾದರೂ ನೀವೇ ಅಳೆಯಬಹುದು.

ಪ್ಯಾಸ್ಕಲ್ ವಿಷಯ ಮುಗಿಸಿಬಿಡೋಣ. ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲಕ್ಕೆ 2,000ದಿಂದ 3,000 ಪ್ಯಾಸ್ಕಲ್ ಧಾರಾಳ ಸಾಕು. ಹತ್ತು ಸಾವಿರ, ಇಪ್ಪತ್ತು ಸಾವಿರ ಅನ್ನುವ ಲೆಕ್ಕವೆಲ್ಲ ದಪ್ಪ ಕಾರ್ಪೆಟ್ ಹಾಸಿದ ಮನೆಗಳಿಗೆ. ನಮ್ಮ ಕಡೆ ಎಷ್ಟು ಮನೆಯಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಇರುತ್ತೆ ಹೇಳಿ? ಜೋರು ಮಾಡಿದಷ್ಟೂ ಸದ್ದು ಜಾಸ್ತಿ, ಬ್ಯಾಟರಿ ಬೇಗ ಖಾಲಿ. ಸದ್ದಿಗೆ ಹೆದರುವ ಪ್ರಾಣಿ ಇದ್ದರಂತೂ ಕಡಿಮೆ ವೇಗದಲ್ಲೇ ಓಡಿಸಬೇಕು. ನಮ್ಮದು ದಿನಾ ಓಡುವುದು ಎರಡನೇ ಹಂತದಲ್ಲಿ. ಜಮಖಾನದ ಮೇಲೆ ಮಾತ್ರ ತಾನಾಗಿ ಜೋರಾಗುತ್ತದೆ.

ಇನ್ನು ಬ್ರಷ್. ನನ್ನ ಮಟ್ಟಿಗೆ ಇಡೀ ಮಷೀನಿನಲ್ಲಿ ಇದೇ ಮುಖ್ಯ ಭಾಗ. ಲ್ಯಾಬ್ರಡಾರ್‌ಗೆ ಎರಡು ಪದರದ ಕೂದಲು. ಮೇಲಿನದು ಗಿಡ್ಡ, ಒರಟು. ಒಳಗಿನದು ಮೆತ್ತಗೆ, ಹತ್ತಿಯಷ್ಟು ಹಗುರ. ಮೇಲಿನ ಕೂದಲು ಜಮಖಾನಕ್ಕೆ ಚುಚ್ಚಿಕೊಂಡು ಕೂರುತ್ತದೆ. ಒಳಗಿನದು ಗಾಳಿಗೆ ತೇಲಿ ಮಂಚದ ಕೆಳಗೆ ಸೇರುತ್ತದೆ. ಇವೆರಡನ್ನೂ ಮಷೀನು ಚೆನ್ನಾಗಿಯೇ ಎತ್ತುತ್ತದೆ. ತೊಂದರೆ ಕೊಡುವುದು ಮನೆಯ ಹೆಂಗಸರ ಉದ್ದ ಕೂದಲು ಇದರ ಜೊತೆ ಸೇರಿದಾಗ. ಉದ್ದ ಕೂದಲು ಬ್ರಷ್‌ಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ, ನಾಯಿಯ ಮೆತ್ತನೆ ಕೂದಲು ಅದರ ಸಂದಿಯಲ್ಲಿ ತುಂಬಿಕೊಂಡು ಗಟ್ಟಿಯಾಗುತ್ತದೆ.

ಮಷೀನನ್ನು ತಲೆಕೆಳಗು ಮಾಡಿ, ನಡುವಿನ ಬ್ರಷ್ ಹೊರಗೆ ತೆಗೆದು ನೋಡಿ. ನಮ್ಮದರಲ್ಲಿ ಒಂದು ತುದಿ ಚೌಕ, ಅದು ಮೋಟರ್‌ಗೆ ಕೂರುವ ಕಡೆ. ಇನ್ನೊಂದು ತುದಿಯಲ್ಲಿ ಸಣ್ಣ ಪ್ಲಾಸ್ಟಿಕ್ ಟೋಪಿ. ಮೇಲಿನಿಂದ ನೋಡಿದರೆ ಬ್ರಷ್ ಚೊಕ್ಕವಾಗಿಯೇ ಇರುತ್ತದೆ. ಆ ಟೋಪಿ ಎಳೆದು ತೆಗೆದರೆ ಒಳಗೆ ಅಚ್ಚಿನ ಸುತ್ತ ಬಿಗಿಯಾದ ಕೂದಲಿನ ಉಂಗುರ. ಉಗುರಿನಲ್ಲಿ ಎಳೆದರೆ ಬರಲ್ಲ. ಬ್ಲೇಡಿನಲ್ಲಿ ಒಂದು ಗೆರೆ ಕುಯ್ದು, ಚಿಮುಟದಲ್ಲಿ ಹಿಡಿದು ಎಳೆಯಬೇಕು. ಇದನ್ನು ಹಾಗೇ ಬಿಟ್ಟರೆ ಅಚ್ಚು ತಿರುಗುವಾಗ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಸವೆಯುತ್ತದೆ, ಆಮೇಲೆ ಬ್ರಷ್ ಕಟಕಟ ಅನ್ನೋಕೆ ಶುರು. ಮುಂದಿನ ಪುಟ್ಟ ಚಕ್ರವನ್ನೂ ಎಳೆದು ತೆಗೆಯಿರಿ, ನಮ್ಮದು ಕೈಯಲ್ಲೇ ಬರುತ್ತದೆ. ಅದರ ಕಂಬಿಗೂ ಕೂದಲು ಸುತ್ತಿರುತ್ತದೆ. ಸುತ್ತಿದ ಚಕ್ರ ತಿರುಗದೆ ನೆಲದ ಮೇಲೆ ಜಾರುತ್ತದೆ, ಹೊಳಪಿನ ಟೈಲ್ಸ್ ಮೇಲೆ ಗೀರು ಬೀಳುವುದು ಹೀಗೆ. ಪಕ್ಕದ ಬ್ರಷ್‌ನ ಸ್ಕ್ರೂ ಕೆಳಗೂ ಅಷ್ಟೇ. ವಾರಕ್ಕೊಮ್ಮೆ ಈ ಮೂರು ಜಾಗ ನೋಡಿದರೆ ಮಷೀನು ಸುಮ್ನೆ ತನ್ನ ಪಾಡಿಗೆ ಓಡುತ್ತದೆ.

ಹಾಗಾಗಿ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಬ್ರಷ್ ಎಂಥದ್ದು ಅಂತ. ಬರೀ ನಾರಿನಂಥ ಎಳೆಗಳ ಬ್ರಷ್ ಇದ್ದರೆ ಸುತ್ತಿಕೊಳ್ಳುವುದು ಜಾಸ್ತಿ. ಪೂರ್ತಿ ರಬ್ಬರ್ ಇದ್ದರೆ ಕಡಿಮೆ. ಐರೋಬೋಟ್ ಕಂಪನಿ ತನ್ನ ರೂಂಬಾ 800 ಸರಣಿಯಲ್ಲಿ 2013ರಲ್ಲೇ ಎರಡು ರಬ್ಬರ್ ರೋಲರ್ ತಂದಿತು, ಕಾರಣ ಇದೇ. ಈಗ ಬರುವ ಕೆಲವು ಮಾಡೆಲ್‌ಗಳಲ್ಲಿ ರೋಲರ್ ಒಂದು ತುದಿಯಲ್ಲಿ ಸಪೂರವಾಗಿರುತ್ತದೆ, ಕೂದಲು ಆ ಕಡೆಗೆ ಜಾರಿ ಡಬ್ಬಿಗೆ ಬೀಳಲಿ ಅಂತ. ಒಳಗೇ ಕೂದಲು ಕತ್ತರಿಸುವ ಬ್ಲೇಡ್ ಇರುವವೂ ಇವೆ. ಪ್ರಾಣಿ ಇರುವ ಮನೆಯವರು ಜಾಸ್ತಿ ದುಡ್ಡು ಕೊಡುವುದಿದ್ದರೆ ಇಂಥದ್ದಕ್ಕೆ ಕೊಡಿ.

ಕಸದ ಡಬ್ಬಿಯ ಬಗ್ಗೆ ಜಾಹೀರಾತಿನಲ್ಲಿ ಯಾರೂ ಜಾಸ್ತಿ ಹೇಳಲ್ಲ. ಸಾಮಾನ್ಯವಾಗಿ 300ರಿಂದ 500 ಮಿಲಿ ಲೀಟರ್ ಇರುತ್ತದೆ. ಧೂಳು ಆದರೆ ಅದರಲ್ಲಿ ಎಷ್ಟೋ ಹಿಡಿಯುತ್ತದೆ. ಕೂದಲಿಗೆ ತೂಕವಿಲ್ಲ, ಜಾಗ ಮಾತ್ರ ಬೇಕು. ಜಿಮ್ಮಿ ಜೋರಾಗಿ ಕೂದಲು ಉದುರಿಸುವ ಕಾಲದಲ್ಲಿ ಅರ್ಧ ಮನೆ ಮುಗಿಯುವಷ್ಟರಲ್ಲಿ ಡಬ್ಬಿ ಭರ್ತಿ. ಆಮೇಲೆ ಮಷೀನು ಓಡುತ್ತಲೇ ಇರುತ್ತದೆ, ಎತ್ತುವುದು ಮಾತ್ರ ಇಲ್ಲ. ತಾನೇ ಖಾಲಿ ಮಾಡಿಕೊಳ್ಳುವ ಡಾಕ್ (ಮಷೀನು ಚಾರ್ಜ್‌ಗೆ ಹೋಗಿ ನಿಲ್ಲುವ ಪೆಟ್ಟಿಗೆ) ಇದ್ದರೆ ಇದು ತಪ್ಪುತ್ತದೆ. ತಂಗಿಯ ಮನೆಯಲ್ಲಿ ಅಂಥದ್ದಿದೆ. ಅಲ್ಲಿ ನೋಡಿದ್ದು: ಖಾಲಿ ಮಾಡುವ ಆ ಕೆಲವು ಸೆಕೆಂಡು ಮಿಕ್ಸಿಗಿಂತ ಜೋರು ಸದ್ದು, ಬೆಕ್ಕು ರೂಮು ಬಿಟ್ಟು ಓಡುತ್ತದೆ. ಡಾಕ್‌ನೊಳಗಿನ ಕಸದ ಚೀಲ ಎರಡು ತಿಂಗಳು ಬರುತ್ತದೆ ಅಂತ ಬರೆದಿರುತ್ತಾರೆ, ನಾಯಿ ಇರುವ ಮನೆಯಲ್ಲಿ ಅಷ್ಟು ಬರುವುದಿಲ್ಲ. ಚೀಲದ ಬೆಲೆ ತಿಂಗಳ ಖರ್ಚಿಗೆ ಸೇರುತ್ತದೆ, ಲೆಕ್ಕ ಹಾಕಿಕೊಳ್ಳಿ. ಆದರೂ ಕೈ ಹಚ್ಚದೆ ಕಸ ಹೋಗುತ್ತದಲ್ಲ, ಅಲರ್ಜಿ ಇರುವವರಿಗೆ ಅದು ದೊಡ್ಡ ಉಪಕಾರ. ಬೆಕ್ಕಿನ ಅಲರ್ಜಿ ಬರುವುದು ಬರೀ ಕೂದಲಿನಿಂದಲ್ಲ, ಅದರ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನಿನಿಂದ. ಡಬ್ಬಿ ಕೊಡವುವಾಗ ಏಳುವ ಧೂಳಿನಲ್ಲಿ ಅದೇ ಇರುತ್ತದೆ.

ಫಿಲ್ಟರ್ ತೊಳೆಯಬಹುದಾದ್ದೇ ಇರಲಿ, ಮತ್ತು ಎರಡು ಇಟ್ಟುಕೊಳ್ಳಿ. ತೊಳೆದದ್ದು ಪೂರ್ತಿ ಒಣಗೋಕೆ ಒಂದು ದಿನ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಹಸಿ ಇರುವಾಗಲೇ ಹಾಕಿದರೆ ಮನೆಯೆಲ್ಲ ನೆನೆದ ನಾಯಿಯ ವಾಸನೆ.

ನಮ್ಮ ಮನೆಗಳಿಗೆ ಸಂಬಂಧಪಟ್ಟ ಇನ್ನೊಂದು ವಿಷಯ ಇದೆ, ಹೊರದೇಶದ ವಿಮರ್ಶೆಗಳಲ್ಲಿ ಇದು ಸಿಗುವುದು ಕಡಿಮೆ. ಇಲ್ಲಿ ರೂಮಿಂದ ರೂಮಿಗೆ ಹೋಗುವಲ್ಲಿ ಕಪ್ಪು ಗ್ರಾನೈಟ್ ಪಟ್ಟಿ ಹಾಕಿಸಿರುತ್ತಾರೆ. ಮೆಟ್ಟಿಲಿನಿಂದ ಬೀಳದಿರಲಿ ಅಂತ ಮಷೀನಿನ ಹೊಟ್ಟೆಯಲ್ಲಿ ಇನ್‌ಫ್ರಾರೆಡ್ ಸೆನ್ಸರ್ ಇರುತ್ತವೆ. ಕೆಳಕ್ಕೆ ಬಿಟ್ಟ ಬೆಳಕು ವಾಪಸ್ ಬರದಿದ್ದರೆ ಅದು ಹಳ್ಳ ಅಂತ ಲೆಕ್ಕ. ಕಪ್ಪು ಕಲ್ಲು ಆ ಬೆಳಕನ್ನು ನುಂಗಿಬಿಡುತ್ತದೆ. ಮಷೀನು ಅಲ್ಲೇ ನಿಂತು ಹಿಂದೆ ಹೋಗುತ್ತದೆ. ನಮ್ಮ ಅಡುಗೆಮನೆ ಬಾಗಿಲಲ್ಲಿ ಹೀಗೇ ಆಗುತ್ತಿತ್ತು. ಕಲ್ಲಿನ ಮೇಲೆ ತಿಳಿ ಬಣ್ಣದ ತೆಳ್ಳನೆ ಮ್ಯಾಟ್ ಅಂಟಿಸಿದ ಮೇಲೆ ದಾಟುತ್ತಿದೆ. ಹೊಸ್ತಿಲಿನ ಎತ್ತರವನ್ನೂ ಅಳೆದುಕೊಳ್ಳಿ. ಹೆಚ್ಚಿನ ಮಷೀನುಗಳು ಹತ್ತುವುದು 2 ಸೆಂಟಿಮೀಟರ್ ತನಕ. ಹಳೇ ಮನೆಯ ಮರದ ಹೊಸ್ತಿಲು ದಾಟುವ ಮಾತೇ ಇಲ್ಲ. ಲೇಸರ್ ಗೋಪುರ ಇರುವುದು ಸುಮಾರು 10 ಸೆಂಟಿಮೀಟರ್ ಎತ್ತರ, ತಗ್ಗಿನ ದಿವಾನದ ಕೆಳಗೆ ಹೋಗಲ್ಲ.

ಈಗ ಹೇಳಲೇಬೇಕಾದ ಗಲೀಜಿನ ವಿಷಯ. ಮನೆಯೊಳಗೆ ಕಕ್ಕಸು ಮಾಡುವ ಮರಿ ಇದ್ದರೆ, ಅದು ಕಲಿಯುವ ತನಕ ರೋಬೋಟ್ ಬೇಡ. ರಾತ್ರಿ ತಾನಾಗಿ ಓಡುವಂತೆ ಇಟ್ಟು ಮಲಗಿದರೆ, ಒಂದು ಸಣ್ಣ ಹಿಕ್ಕೆಯನ್ನು ಮನೆ ತುಂಬ ಗೆರೆ ಎಳೆದು ಹಚ್ಚಿಡುತ್ತದೆ. ಅಮೆರಿಕದಲ್ಲಿ 2016ರಲ್ಲಿ ಒಬ್ಬರ ಮನೆಯಲ್ಲಿ ಹೀಗಾದದ್ದು ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಐರೋಬೋಟ್ 2021ರಲ್ಲಿ ಕ್ಯಾಮೆರಾ ಇರುವ ರೂಂಬಾ ಜೆ7+ ತಂದಾಗ, ಗಟ್ಟಿ ಮಲವನ್ನು ತಪ್ಪಿಸದಿದ್ದರೆ ಮಷೀನನ್ನೇ ಬದಲಿಸಿಕೊಡುತ್ತೇವೆ ಅಂತ ಭರವಸೆ ಕೊಟ್ಟಿತು. ಈಗ ಬೇರೆ ಕಂಪನಿಗಳಲ್ಲೂ ಇಂಥ ಕ್ಯಾಮೆರಾ ಮಾಡೆಲ್‌ಗಳಿವೆ. ಆದರೆ ಕ್ಯಾಮೆರಾಗೆ ಬೆಳಕು ಬೇಕು, ಗಟ್ಟಿಯದನ್ನು ಗುರುತಿಸಿದಷ್ಟು ಸುಲಭವಾಗಿ ಉಚ್ಚೆಯನ್ನು ಗುರುತಿಸುವುದಿಲ್ಲ. ಒರೆಸುವ ಬಟ್ಟೆ ಹಾಕಿದ ಮಷೀನು ಉಚ್ಚೆಯ ಮೇಲೆ ಹೋದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ನಾವು ಮನೆಯಲ್ಲಿ ಯಾರಾದರೂ ಎಚ್ಚರ ಇರುವಾಗ ಮಾತ್ರ ಓಡಿಸುತ್ತೇವೆ. ಅಮ್ಮ ಒಂದು ಸುತ್ತು ನೆಲ ನೋಡಿ, ಜಿಮ್ಮಿಯ ನೀರಿನ ಬಟ್ಟಲು ಎತ್ತಿಟ್ಟು, ಆಮೇಲೆ ಬಟನ್ ಒತ್ತುತ್ತಾರೆ.

ಕ್ಯಾಮೆರಾ ಇರುವುದನ್ನು ತಗೊಳ್ಳುವವರು ಇದನ್ನೂ ತಿಳಿದಿರಿ: ರೂಂಬಾದ ಪರೀಕ್ಷಾ ಮಷೀನುಗಳು ಮನೆಗಳೊಳಗೆ ತೆಗೆದ ಚಿತ್ರಗಳು ಹೊರಗೆ ಸೋರಿದ್ದನ್ನು ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ 2022ರ ಡಿಸೆಂಬರ್‌ನಲ್ಲಿ ವರದಿ ಮಾಡಿತ್ತು. ಅವು ಮಾರಾಟಕ್ಕಿದ್ದ ಮಷೀನುಗಳಲ್ಲ. ಆದರೂ ಸೆಟ್ಟಿಂಗ್ಸ್‌ನಲ್ಲಿ ಚಿತ್ರ ಹಂಚಿಕೊಳ್ಳುವ ಆಯ್ಕೆ ಎಲ್ಲಿದೆ ಅಂತ ಹುಡುಕಿ ಆಫ್ ಮಾಡಿಡಿ.

ಒರೆಸುವ ವಿಷಯದಲ್ಲಿ ಜಾಸ್ತಿ ನಿರೀಕ್ಷೆ ಬೇಡ. ಪಂಜದ ಧೂಳಿನ ಗುರುತು ಹೋಗುತ್ತದೆ, ಒಣಗಿದ ಜೊಲ್ಲಿನ ಕಲೆ ಹೋಗಲ್ಲ, ಅದಕ್ಕೆ ಕೈಯಲ್ಲೇ ತಿಕ್ಕಬೇಕು. ಬೋರ್‌ವೆಲ್‌ನ ಗಡಸು ನೀರು ಹಾಕಬೇಡಿ, ನೀರು ಬಿಡುವ ತೂತುಗಳು ಸುಣ್ಣ ಕಟ್ಟಿ ಮುಚ್ಚಿಹೋಗುತ್ತವೆ. ಫಿನಾಯಿಲ್ ಅಂತೂ ಬೇಡವೇ ಬೇಡ. ಟ್ಯಾಂಕಿಗೂ ಕೆಡುಕು, ಬೆಕ್ಕಿಗೆ ಇನ್ನೂ ಕೆಡುಕು. ಬೆಕ್ಕಿನ ಲಿವರ್‌ಗೆ ಫೀನಾಲ್ ಅಂಶವನ್ನು ಅರಗಿಸುವ ಶಕ್ತಿ ತೀರಾ ಕಡಿಮೆ, ಅದು ನೆಲದ ಮೇಲೆ ಓಡಾಡಿದ ಪಂಜವನ್ನು ದಿನವಿಡೀ ನೆಕ್ಕಿಕೊಳ್ಳುತ್ತಿರುತ್ತದೆ. ಬರೀ ನೀರು ಸಾಕು.

ಪುಟ್ಟಿ ಮಲ ಮಾಡುವ ಲಿಟರ್ ಡಬ್ಬಿಯ ಸುತ್ತ ಚೆಲ್ಲಿದ ಕಾಳು, ಜಿಮ್ಮಿಯ ಒಣ ತಿಂಡಿ, ಇವನ್ನು ಪಕ್ಕದ ಬ್ರಷ್ ಎತ್ತುವ ಬದಲು ರೂಮಿನ ಆಚೆ ತುದಿಗೆ ಚಿಮ್ಮಿಸುತ್ತದೆ. ಆ ಜಾಗಕ್ಕೆ ಆ್ಯಪ್‌ನಲ್ಲಿ ಬೇರೆ ವಲಯ ಮಾಡಿ, ಕಡಿಮೆ ವೇಗ ಇಟ್ಟ ಮೇಲೆ ಸುಮಾರು ಸರಿಹೋಗಿದೆ. ನಾಯಿಯ ರಕ್ತ ಹೀರುವ ಉಣ್ಣೆ ಹುಳದ ಕಾಟಕ್ಕೆ ಇದನ್ನು ನಂಬಬೇಡಿ. ಅವು ಗೋಡೆಯ ಬಿರುಕು, ಬಾಗಿಲ ಸಂದಿಯಲ್ಲಿ ಅಡಗುತ್ತವೆ, ಅಲ್ಲಿಗೆ ಈ ಬ್ರಷ್ ಹೋಗುವುದಿಲ್ಲ. ಇನ್ನೊಂದು, ನಾಯಿಗೆ ಅಂಗಳದಲ್ಲಿ ದಿನಾ ಹತ್ತು ನಿಮಿಷ ಬಾಚಿದರೆ ಮಷೀನಿನ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ನನಗೆ ನಿಜವಾಗಿ ಬೇಸರ ತಂದದ್ದು ಸರ್ವಿಸ್. ಒಂದೂವರೆ ವರ್ಷದ ಹೊತ್ತಿಗೆ ಎಡಗಡೆ ಚಕ್ರ ನಿಂತುಹೋಯಿತು. ಮೈಸೂರಿನಲ್ಲಿ ಆ ಕಂಪನಿಯ ಸರ್ವಿಸ್ ಸೆಂಟರ್ ಇಲ್ಲ. ಮಷೀನು ಪ್ಯಾಕ್ ಮಾಡಿ ಬೆಂಗಳೂರಿಗೆ ಕಳಿಸಿ, ಬಿಡಿಭಾಗ ಬರಲಿ ಅಂತ ವಾರಗಟ್ಟಲೆ ಕಾಯಬೇಕಾಯಿತು. ಫೋನ್ ಮಾಡಿದಾಗಲೆಲ್ಲ ಹೊಸಬರು, ಮತ್ತೆ ಮೊದಲಿಂದ ಕತೆ. ಮೂವತ್ತು ಸಾವಿರದ ಹತ್ತಿರ ಕೊಟ್ಟ ಗ್ರಾಹಕರನ್ನು ಹೀಗೆ ಕಾಯಿಸಬಾರದು. ಕೊಳ್ಳುವ ಮುಂಚೆ ನಿಮ್ಮ ಊರಿನಲ್ಲಿ ಸರ್ವಿಸ್ ಇದೆಯಾ ಕೇಳಿ. ಆ ಮಾಡೆಲ್‌ನ ಬ್ರಷ್, ಫಿಲ್ಟರ್, ಬ್ಯಾಟರಿ ಮೂರೂ ಬಿಡಿಯಾಗಿ ಸಿಗುತ್ತವಾ ಅಂತ ನೀವೇ ಹುಡುಕಿ ನೋಡಿ. ಬ್ರಷ್ ಮತ್ತು ಫಿಲ್ಟರ್ ಪ್ರಾಣಿ ಇರುವ ಮನೆಯಲ್ಲಿ ಬೇಗ ಸವೆಯುತ್ತವೆ.

ಚಕ್ರ ಬದಲಾದ ಮೇಲೆ ಮಷೀನು ಚೆನ್ನಾಗಿ ಓಡುತ್ತಿದೆ. ಬ್ಯಾಟರಿ ಸ್ವಲ್ಪ ಇಳಿದಿದೆ, ಮೊದಲು ಒಂದೇ ಸಲಕ್ಕೆ ಮನೆ ಮುಗಿಸುತ್ತಿದ್ದದ್ದು ಈಗ ಒಮ್ಮೊಮ್ಮೆ ನಡುವೆ ಚಾರ್ಜ್‌ಗೆ ಹೋಗಿಬರುತ್ತದೆ. ಡಾಕ್ ಅನ್ನು ಯುಪಿಎಸ್ ಲೈನಿಗೆ ಹಾಕಿಸಿದ್ದೇವೆ, ಯಾಕೆಂದರೆ ಕರೆಂಟ್ ಹೋದಾಗ ಡಾಕ್ ಸಿಗ್ನಲ್ ಕೊಡಲ್ಲ, ಮಷೀನು ಜಾಗ ಹುಡುಕುತ್ತಾ ನಡುಮನೆಯಲ್ಲೇ ನಿಂತುಬಿಡುತ್ತದೆ. ಮುಂದೆ ಹೊಸದು ತಗೊಂಡರೆ ಲೇಸರ್ ಇರಲಿ, ರಬ್ಬರ್ ರೋಲರ್ ಇರಲಿ, ತಾನೇ ಖಾಲಿ ಮಾಡುವ ಡಾಕ್ ಇರಲಿ. ಒರೆಸುವ ಸೌಲಭ್ಯಕ್ಕೆ ಅಂತ ಒಂದು ರೂಪಾಯಿಯೂ ಜಾಸ್ತಿ ಕೊಡಲ್ಲ.