ವಾಂಟ್, ವಿಶ್, ಡಿಸೈರ್: ಯಾವುದು ಎಲ್ಲಿಗೆ ಸಲ್ಲುತ್ತದೆ?

ಕನ್ನಡದಲ್ಲಿ 'ಬೇಕು' ಎಂಬ ಒಂದೇ ಮಾತು ಬಹುಮಟ್ಟಿಗೆ ನಿಭಾಯಿಸುವ ಕೆಲಸವನ್ನು ಇಂಗ್ಲಿಷ್ ಹಲವು ಪದಗಳಿಗೆ ಹಂಚಿಕೊಟ್ಟಿರುವುದರಿಂದ, ಬರೆಯುವವರು ಆಯ್ಕೆಯಲ್ಲಿ ತಡವರಿಸುವುದು ಸಹಜ. ಇವುಗಳಲ್ಲಿ 'ವಾಂಟ್' ತೀರ ನೇರವಾದದ್ದು. ಕೊರತೆಯನ್ನು ಸೂಚಿಸುವ ಹಳೆಯ ನಾರ್ಸ್ (ಸ್ಕ್ಯಾಂಡಿನೇವಿಯಾದ ಪ್ರಾಚೀನ ಭಾಷೆ) ಪದದಿಂದ ಅದು ಬಂದಿದೆ. ಆದರೆ ಅಪರಿಚಿತರಲ್ಲಿ ಏನನ್ನಾದರೂ ಕೇಳುವಾಗ 'ಐ ವಾಂಟ್' ಒರಟಾಗಿ ಕೇಳಿಸುತ್ತದೆ. ಅಲ್ಲಿ 'ಐ ವುಡ್ ಲೈಕ್' ಎನ್ನುವುದೇ ಲೇಸು.

ಹೆಚ್ಚು ಎಚ್ಚರ ಬೇಕಾದದ್ದು 'ವಿಶ್' ವಿಷಯದಲ್ಲಿ. 'ಐ ಹೋಪ್ ಶಿ ನೋಸ್' ಎಂದಾಗ ಅವಳಿಗೆ ತಿಳಿದಿರಬಹುದು ಎಂಬ ಭರವಸೆ ಉಳಿದಿರುತ್ತದೆ. 'ಐ ವಿಶ್ ಶಿ ನ್ಯೂ' ಎಂದಾಗ ಅವಳಿಗೆ ತಿಳಿದಿಲ್ಲವೆಂಬುದು ಖಚಿತವಾಗಿದ್ದು, ಮಾತು ಈ ಹೊತ್ತಿನದೇ ಆದರೂ ಕ್ರಿಯಾಪದ ಭೂತಕಾಲಕ್ಕೆ ಸರಿಯುತ್ತದೆ. 'ತಿಳಿದಿದ್ದರೆ ಚೆನ್ನಾಗಿತ್ತು' ಎಂಬ ನಮ್ಮ ಮಾತಿನಲ್ಲೂ ಇದೇ ಜಾಡು ಇರುವುದು ನನಗೆ ಬಹಳ ಪ್ರಿಯವಾದ ಸಂಗತಿ.

'ಡಿಸೈರ್' ಗಂಭೀರ ಬರಹಕ್ಕೆ, ಅದರಲ್ಲೂ ನಾಮಪದವಾಗಿ, ಚೆನ್ನಾಗಿ ಒಪ್ಪುತ್ತದೆ. ದಿನನಿತ್ಯದ ಮಾತಿನಲ್ಲಿ ಅದನ್ನು ಕ್ರಿಯಾಪದವಾಗಿ ಬಳಸಿದರೆ ಕೃತಕವೆನಿಸುತ್ತದೆ. 'ಕ್ರೇವ್' ಎಂದರೆ ತಡೆಯಲಾಗದ ಚಪಲ. 'ಯರ್ನ್' ಮತ್ತು 'ಲಾಂಗ್' ಎರಡರಲ್ಲೂ ಕೈಗೆಟುಕದ ದೂರದ ಹಂಬಲವಿದೆ, ಮೊದಲನೆಯದರಲ್ಲಿ ಕಾವ್ಯದ ಛಾಯೆ ತುಸು ಹೆಚ್ಚು. ಪರರ ಸೊತ್ತಿನ ಮೇಲಿನ ಆಸೆಗೆ 'ಕವೆಟ್' ಸಲ್ಲುತ್ತದೆ.