ಇಳಕಲ್ ಸೀರೆ ಆನ್‌ಲೈನ್ ಮಾರಾಟ: ಆ್ಯಪ್, ಬಾಡಿಗೆ ಅಂಗಡಿ, ಸ್ವಂತ ಸೈಟ್

ಎರಡು ವರ್ಷದಲ್ಲಿ ಮೂರೂ ದಾರಿ ನೋಡಿಯಾಯಿತು. ಮೊದಲು ದೊಡ್ಡ ಶಾಪಿಂಗ್ ಆ್ಯಪ್, ಆಮೇಲೆ ತಿಂಗಳ ಬಾಡಿಗೆಯ ರೆಡಿಮೇಡ್ ಆನ್‌ಲೈನ್ ಅಂಗಡಿ, ಈಗ ವೂಕಾಮರ್ಸ್ (ವರ್ಡ್‌ಪ್ರೆಸ್ ಸೈಟನ್ನು ಆನ್‌ಲೈನ್ ಅಂಗಡಿ ಮಾಡುವ ಸಾಫ್ಟ್‌ವೇರ್) ಹಾಕಿದ ಸ್ವಂತ ಸೈಟ್. ನಮ್ಮಂಥ ಅಂಗಡಿಗೆ ಸ್ವಂತ ಸೈಟೇ ಸರಿ.

ಕಾರಣ ಸ್ಟಾಕ್. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಉದ್ದದ ಎಳೆಗಳು) ಮತ್ತು ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ನಮ್ಮಲ್ಲಿ ಎಷ್ಟೋ ಬಣ್ಣ ಒಂದೇ ಪೀಸ್ ಇರುತ್ತದೆ. ಅದೇ ಬೇಕೆಂದರೆ ಮತ್ತೆ ಮಗ್ಗಕ್ಕೇ ಹೋಗಬೇಕು.

ಆ್ಯಪ್‌ನಲ್ಲಿದ್ದಾಗ, ಶ್ರಾವಣದ ಒಂದು ಶುಕ್ರವಾರ, ಹಸಿರು ಒಡಲಿನ ಕೆಂಪು ಸೆರಗಿನ ಸೀರೆಯೊಂದು ಅಂಗಡಿಯಲ್ಲೇ ಹೋಯಿತು. ಬಿಲ್ ಆಯ್ತು, ಆದರೆ ಅದು ಆ್ಯಪ್‌ಗೆ ಹೇಗೆ ಗೊತ್ತಾಗಬೇಕು? ಹತ್ತು ನಿಮಿಷದಲ್ಲಿ ಅದೇ ಸೀರೆಗೆ ಆರ್ಡರ್ ಬಂತು. ಕ್ಯಾನ್ಸಲ್ ಮಾಡಿದ್ದಕ್ಕೆ ದಂಡ ಬಿತ್ತು, ರೇಟಿಂಗ್ ಇಳಿಯಿತು. ಕ್ಷಮೆ ಕೇಳೋಣವೆಂದರೆ ಗಿರಾಕಿಯ ನಂಬರೂ ನಮಗೆ ಸಿಗಲಿಲ್ಲ. ನನಗೆ ಜಾಸ್ತಿ ನೋವಾಗಿದ್ದು ಅದೇ. ಆ ತಿಂಗಳು ಇನ್ನೂ ಎರಡು ಸಲ ಹೀಗೇ ಆಯ್ತು.

ಬಾಡಿಗೆ ಅಂಗಡಿಯಲ್ಲಿ ಸರ್ವರ್ ತಲೆಬಿಸಿ ಇಲ್ಲ, ಎರಡೇ ದಿನದಲ್ಲಿ ತೆರೆದೆವು. ಆದರೆ ಕೌಂಟರ್ ಬಿಲ್ಲಿಗೂ ಆನ್‌ಲೈನ್ ಸ್ಟಾಕಿಗೂ ಕೊಂಡಿ ಹಾಕಲು ಬೇರೆ ದುಡ್ಡು, ಅದೂ ಪ್ರತಿ ತಿಂಗಳು.

ಈಗ ಪ್ರತಿ ಸೀರೆಗೂ ಒಂದು ನಂಬರಿನ ಚೀಟಿ. ಸೈಟಿನಲ್ಲಿ ಅದರ ಸ್ಟಾಕ್ ಒಂದು. ಕೌಂಟರಿನಲ್ಲಿ ಮಾರಿದರೂ ಮೊಬೈಲಿನಿಂದ ಅದೇ ಪಟ್ಟಿಯಲ್ಲಿ ಆರ್ಡರ್ ಹಾಕುತ್ತೇವೆ, ಆಮೇಲೆಯೇ ಸೀರೆ ಕವರಿಗೆ. ಇನ್ನೊಂದು ಮಾತು: ಹಣ ಕಟ್ಟದೆ ಅರ್ಧಕ್ಕೆ ಬಿಟ್ಟ ಆರ್ಡರಿಗೆ ವೂಕಾಮರ್ಸ್ 60 ನಿಮಿಷ ಸ್ಟಾಕ್ ಹಿಡಿದಿಡುತ್ತದೆ. ಒಂದೇ ಪೀಸ್ ಇದ್ದರೆ ಅಷ್ಟು ಹೊತ್ತು ಅದು ಬೇರೆಯವರಿಗೆ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ 15ಕ್ಕೆ ಇಳಿಸಿಕೊಳ್ಳಿ.

ಖರ್ಚು? ಹೋಸ್ಟಿಂಗ್, ಡೊಮೇನ್, ಪೇಮೆಂಟ್ ಗೇಟ್‌ವೇ ಶುಲ್ಕ. ಆ್ಯಪ್‌ಗೆ ಕೊಡುತ್ತಿದ್ದ ಕಮಿಷನ್ ಉಳಿಯಿತು, ಜಿಎಸ್‌ಟಿ ಟಿಸಿಎಸ್ (ನಮ್ಮ ಮಾರಾಟದ ಹಣದಲ್ಲೇ ಮೊದಲೇ ಹಿಡಿಯುವ ತೆರಿಗೆ) ಎಂದು ಆ್ಯಪ್‌ನವರು ಹಿಡಿಯುವ ಅರ್ಧ ಪರ್ಸೆಂಟ್ ಲೆಕ್ಕವೂ ತಪ್ಪಿತು. ಅಪ್‌ಡೇಟ್ ಮತ್ತು ಬ್ಯಾಕಪ್ ನಮ್ಮ ತಲೆಗೇ. ಭಾನುವಾರ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಮಾಡಿ ಮುಗಿಸುತ್ತೇನೆ.

ಒಂದೇ ತರಹದ ಮಾಲು ನೂರಾರು ಇರುವವರಿಗೆ ಆ್ಯಪ್ ಪರವಾಗಿಲ್ಲ. ನಮಗೆ ದಿನಕ್ಕೆ ಬರುವುದು ನಾಲ್ಕೈದು ಆರ್ಡರ್. ಗಿರಾಕಿಯ ನಂಬರ್ ನಮ್ಮ ಹತ್ತಿರವೇ ಇದೆ. ಸೆರಗಿನ ಫೋಟೋ ಇನ್ನೊಮ್ಮೆ ಕಳಿಸಿ ಅಂದರೆ ಕಳಿಸಿ, ಅವರು ಹೂಂ ಅಂದ ಮೇಲೆಯೇ ಪ್ಯಾಕ್ ಮಾಡುತ್ತೇವೆ.